ಬತ್ತಿದ ಬೋರಿಗೆ ಇಳಿದ ಪೈಪು

ಮಗುವಿಗೆ ಮತ್ತೆ ಭೇದಿ ಶುರುವಾಗಿತ್ತು. ಕಲ್ಲುಕುಟಿಗ ತಾತನ ಮಗಳು ಅದನ್ನು ಹೆಗಲಿಗೆ ಹಾಕಿಕೊಂಡು ಅಪ್ಪನ ಮನೆಗೆ ಬಂದಳು. ಅವಳ ಮನೆಯೂ ಕುಡಿಯುವ ನೀರಿನ ಬಾವಿಯೂ ಅದೇ ಬೀದಿಯ ಇಳಿಜಾರಿನ ಕೊನೆಯಲ್ಲಿವೆ. ಮಗುವಿನ ಕಣ್ಣು ಒಳಗೆ ಹೋಗಿತ್ತು.

ಹಿಂದೆಯೇ ನರ್ಸಮ್ಮ ಬಂದರು. ಮಗುವಿಗೆ ಓಆರ್‌ಎಸ್ ಕುಡಿಸಿ, ಕೈ ತೊಳೆಯಲು ಹಿತ್ತಲಿಗೆ ಹೋದರು. ಅಲ್ಲಿ ಪಾಯಿಖಾನೆಯ ಪೈಪು ಬತ್ತಿದ ಬೋರಿಗೆ ಇಳಿದಿತ್ತು.

"ಇದೇನು ತಾತ, ಹೀಗೆ?"

"ಇಲ್ಲಿ ಗುಂಡಿ ತೋಡೋದು ಸುಮ್ನೇನಾ? ಮೊಳ ಅಗೆದ್ರೆ ಕರಿಕಲ್ಲು. ಗಲೀಜು ಬೀದಿಗೆ ಹರೀಬಾರ್ದು ಅಂತ ಬೋರಿಗೆ ಬಿಟ್ಟೆ."

"ಅದು ಮಗಳ ಬಾವಿ ಸೇರ್ತಿದ್ರೆ?"

ತಾತ ನಕ್ಕರು. "ಸೂಜಿ ವಿಷಯ ನೀವು ಹೇಳಿ, ಕಲ್ಲಿನ ವಿಷಯ ನನಗೆ ಬಿಡಿ. ಇದರೊಳಗೆ ಹನಿ ನೀರೂ ಇಳಿಯಲ್ಲ."

"ಅಷ್ಟು ಗಟ್ಟಿ ಕಲ್ಲನ್ನ ಹೇಗೆ ಸೀಳ್ತೀರಿ ಮತ್ತೆ?"

"ಬಿರುಕು ನೋಡಿ ಉಳಿ ಇಡ್ತೀನಿ. ಬಿರುಕಿಲ್ಲದ ಬಂಡೆ ಎಲ್ಲಿದೆ..." ಎನ್ನುತ್ತಾ ತಾತ ಪೈಪಿನ ಕಡೆ ನೋಡಿದರು.

ಹಿತ್ತಲ ಬಾಗಿಲಲ್ಲಿ ನಿಂತಿದ್ದ ತಾತನ ಹೆಂಡತಿ, ಅಜ್ಜಿ, ಬಿಡಲಿಲ್ಲ. "ಕ್ವಾರಿ ಗೋಡೆಯಿಂದ ನೀರು ಒಸರಿ ಮೈಯೆಲ್ಲ ಒದ್ದೆ ಅಂತ ಬೈಕೊಂಡು ಬರೋರು ಯಾರು, ಪಕ್ಕದ್ಮನೆಯವ್ರಾ?"

"ಇದು ಯಾವ ಕಾಲದಲ್ಲೋ ಜ್ವಾಲಾಮುಖಿಯ ಲಾವಾ ಹರಿದು ಆರಿದ ಕಲ್ಲು. ಆರುವಾಗಲೇ ಬಿರಿದಿದೆ" ಎಂದರು ನರ್ಸಮ್ಮ. "ಮಣ್ಣಲ್ಲಾದ್ರೆ ನೀರು ಸೋಸಿಕೊಂಡು ನಿಧಾನಕ್ಕೆ ಹೋಗುತ್ತೆ. ಬಿರುಕಲ್ಲಿ ಸೋಸೋರು ಯಾರು? ಒಂದು ಬಿರುಕು ಇನ್ನೊಂದಕ್ಕೆ ಸೇರಿದ್ರೆ ಓಡಿಬಿಡುತ್ತೆ. ಬೋರು ಬತ್ತಿದೆ ಅಂದ್ರೆ ದಾರಿ ಮುಚ್ಚಿದೆ ಅಂತಲ್ಲ."

"ಎಲ್ಲ ಬಿರುಕೂ ಸೇರಿರುತ್ವಾ?" ಎಂದರು ತಾತ.

"ಇಲ್ಲ. ನಿಮ್ಮದು ಸೇರಿದೆಯೋ ಇಲ್ವೋ ನೋಡೇಬಿಡೋಣ. ಅಲ್ಲೀವರೆಗೆ ಆ ಬಾವಿ ನೀರು ಬೇಡ."

ನೀರು ಪರೀಕ್ಷೆಯವರು ಬಂದು, ಅಪಾಯವಿಲ್ಲದ ಹಸಿರು ಬಣ್ಣವನ್ನು ಪಾಯಿಖಾನೆಗೆ ಸುರಿದರು.

"ಬಾವೀಲಿ ಈ ಬಣ್ಣ ಬಂದ್ರೆ ಮೀಸೆ ಬೋಳಿಸ್ತೀನಿ" ಎಂದರು ತಾತ.

ಮಾರನೆಯ ದಿನ ಮಗಳು ಬಾವಿಯಿಂದ ಒಂದು ಬಕೆಟ್ ಸೇದಿ ತಂದು ಅಪ್ಪನ ಮುಂದಿಟ್ಟಳು. ನೀರು ಹಸಿರಾಗಿತ್ತು.

ಮೀಸೆಯ ಮಾತನ್ನು ಯಾರೂ ಎತ್ತಲಿಲ್ಲ. ತಾತ ಮಲಗಿದ್ದ ಮಗುವಿನ ಪಾದ ಹಿಡಿದು ಕೂತುಬಿಟ್ಟರು.

"ಈ ಗಲೀಜನ್ನ ನಾನೇ ಕುಡಿಸಿದೆನಲ್ಲಮ್ಮಾ ಇದಕ್ಕೆ."

"ನಿನಗೇನು ಗೊತ್ತಿತ್ತು ಅಪ್ಪಾ? ಏಳು, ಮೊದಲು ಪೈಪು ಕೀಳೋಣ."

ಅಪ್ಪ ಮಗಳು ಸೇರಿ ಪೈಪು ಕಿತ್ತರು. ಬೋರಿನ ಬಾಯಿಯನ್ನು ಭದ್ರವಾಗಿ ಮುಚ್ಚಿಸಿದರು. ತಾತ ತಮ್ಮ ಜೊತೆ ಕಲ್ಲು ಒಡೆಯುವವರನ್ನು ಕರೆತಂದು ಆ ಕರಿಕಲ್ಲನ್ನೇ ಒಡೆದು ಗುಂಡಿ ತೆಗೆದರು. ತಳಕ್ಕೂ ಗೋಡೆಗೂ ಸಿಮೆಂಟು ಹಾಕಿ, ಹನಿಯೂ ಸೋರದ ತೊಟ್ಟಿ ಕಟ್ಟಿದರು. ತುಂಬಿದಾಗ ಗಾಡಿ ಬಂದು ಖಾಲಿ ಮಾಡುತ್ತದೆ. ಬಾವಿ ನೀರು ಸರಿಯಾಗಿದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗುವವರೆಗೆ ಮಗಳ ಮನೆಗೆ ನಲ್ಲಿ ನೀರನ್ನು ತಾತನೇ ಹೊತ್ತರು. ಅದನ್ನೂ ಕುದಿಸಿಯೇ ಮಗುವಿಗೆ ಕೊಟ್ಟರು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಬತ್ತಿದ ಬೋರಿಗೆ ಪಾಯಿಖಾನೆ ನೀರನ್ನಾಗಲಿ, ಬಚ್ಚಲ ನೀರನ್ನಾಗಲಿ ಬಿಡಬೇಡಿ. ಬಾವಿ ನೀರನ್ನು ಪರೀಕ್ಷೆ ಮಾಡಿಸಿ. ಇವತ್ತೇ ಹಿತ್ತಲಿಗೆ ಹೋಗಿ, ನಿಮ್ಮ ಪೈಪು ಎಲ್ಲಿಗೆ ಇಳಿದಿದೆ ನೋಡಿ. ನಿಮ್ಮ ಮನೆಯಿಂದ ಕೆಳಗೂ ಯಾರದೋ ಮಗು ನೀರು ಕುಡಿಯುತ್ತಿದೆ.