ಮನೆಯೊಡತಿಯ ಊಟ

ಇಲುಮಿನಾದಕ್ಕನ ಅರವತ್ತನೇ ಹುಟ್ಟುಹಬ್ಬ. ಅವಳ ಆಯುಷ್ಯ ಹೆಚ್ಚಲೆಂದು ಮಾಡಿದ್ದ ಪಾನ್ಸಿತ್ ಶ್ಯಾವಿಗೆಯನ್ನು ಓಣಿಯವರೆಲ್ಲ ಬಾರಿಸುತ್ತಿದ್ದೆವು. ಅವಳು ಬಡಿಸುತ್ತಲೇ ಇದ್ದಳು. ಇದ್ದಕ್ಕಿದ್ದಂತೆ ಕೈಯಿಂದ ಸೌಟು ಜಾರಿತು. ಮೈಯೆಲ್ಲ ಬೆವರು, ನಡುಕ. ಗೋಡೆ ಹಿಡಿದುಕೊಂಡೇ ಕುಸಿದಳು.

ನಾನು ಓಣಿಯ ಆರೋಗ್ಯ ಕಾರ್ಯಕರ್ತೆ. ಅವಳಿಗೆ ಇನ್ಸುಲಿನ್ ಚುಚ್ಚಿಕೊಳ್ಳಲು ಕಲಿಸಿದ್ದೇ ನಾನು. ಕೋಲಾ ಬಾಟಲಿ ಎತ್ತಿಕೊಂಡು ಓಡಿದೆ. ಅವಳ ಗಂಡ ತೆಯೊಫಿಲೊ ನನ್ನ ಕೈ ಹಿಡಿದುಬಿಟ್ಟ.

"ಶುಗರ್ ಇರೋಳಿಗೆ ಸಿಹಿ ಕುಡಿಸ್ತೀಯಾ? ಸಾಯಿಸ್ಬೇಕು ಅಂತಿದ್ದೀಯೇನೇ?"

"ಶುಗರ್ ಇಳಿದೇ ಹೀಗಾಗಿರೋದು! ಕೈ ಬಿಡಿ ಭಾವ, ಇಲ್ಲಾಂದ್ರೆ ಕಚ್ಚಿಬಿಡ್ತೀನಿ!"

ಅವಳಿಗೆ ಇನ್ನೂ ಎಚ್ಚರವಿತ್ತು. ಗುಟುಕು ಗುಟುಕಾಗಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು.

"ಚುಚ್ಕೊಂಡ ಮೇಲೆ ಕಾಯದೆ ಊಟ ಮಾಡು ಅಂತ ಬಡ್ಕೊಂಡಿರಲಿಲ್ವಾ ಅಕ್ಕ?"

"ಉಣ್ಣೋಣ ಅಂತಾನೇ ಚುಚ್ಕೊಂಡೆ ಕಣೆ. ಅಷ್ಟರಲ್ಲಿ ನೀವೆಲ್ಲ ಬಂದ್ರಿ. ಬಂದೋರಿಗಿಂತ ಮುಂಚೆ ಮನೆಯವಳು ಉಣ್ಣೋದುಂಟಾ?"

ನನಗೆ ರೇಗಿಹೋಯಿತು. ಅವಳ ತಟ್ಟೆಗೆ ಬಡಿಸಲು ಬಾಣಲೆಗೆ ಸೌಟು ಹಾಕಿದೆ. ಬರೀ ತಳ ಕೆರೆಯಿತು. ಅವಳ ಆಯುಷ್ಯವನ್ನೆಲ್ಲ ನಾವೇ ತಿಂದು ಮುಗಿಸಿದ್ದೆವು.