ಇಪ್ಪತ್ತೊಂದನೇ ಮರ

"ಏನೇ ಮುಂಡೆ, ಏನು ಗೊಣಗ್ತಿದ್ದೀಯ? ನನಗೇ ಮಾಟ ಮಾಡ್ತಿದ್ದೀಯೇನೇ?"

ತಾಳೆ ತೋಟದ ಸಾಹೇಬ ಬೈಕು ನಿಲ್ಲಿಸಿ ಅರಚಿದ್ದು ಪೊನಿರಾಳ ಮೇಲೆ. ಬೆನ್ನಿಗೆ ಕಳೆನಾಶಕದ ಕ್ಯಾನು ಕಟ್ಟಿಕೊಂಡು ಹೆಂಗಸರೆಲ್ಲ ಸಾಲು ಹಿಡಿದು ಸಿಂಪಡಿಸುತ್ತ ಹೊರಟಿದ್ದರು. ಪೊನಿರಾ ಮಾತ್ರ ಒಂದೊಂದು ಮರದ ಬುಡದಲ್ಲೂ ನಿಂತು, ಏನೋ ಹೇಳಿಕೊಂಡು, ಆಮೇಲೆ ಮುಂದಿನ ಮರಕ್ಕೆ ಹೋಗುತ್ತಿದ್ದಳು.

"ಏನಿಲ್ಲ ಸಾಹೇಬ್ರೇ..." ಅವಳ ಬಾಯಲ್ಲಿ ಸರ್ಕಾರಿ ಭಾಷೆ ಯಾವಾಗಲೂ ತಡವರಿಸುತ್ತಿತ್ತು.

"ಜಾವಾ ಮಾತು ತಾನೇ? ನಿಮ್ಮ ತಾತಂದಿರನ್ನ ಹಡಗಲ್ಲಿ ದನ ತುಂಬ್ದಂಗೆ ತುಂಬ್ಕೊಂಡು ಬಂದಿದ್ದು ದುಡಿಯೋಕೆ, ವಟಗುಟ್ಟೋಕಲ್ಲ. ಇದು ಸುಮಾತ್ರ. ತೋಟದೊಳಗೆ ಇನ್ನೊಂದ್ಸಲ ಆ ಕೂಲಿ ಭಾಷೆ ಕೇಳಿಸ್ತೋ, ಲೈನ್ ಮನೆ ಖಾಲಿ ಮಾಡಿಸ್ತೀನಿ. ಕ್ಯಾನು ಇಳಿಸ್ಬೇಡ. ಮಧ್ಯಾಹ್ನದವರೆಗೂ ಇಲ್ಲೇ ನಿಂತಿರು."

ಮೇಸ್ತ್ರಿ ತುಕಿಜಾನ್ ಅವಳ ಲೈನಿನವನೇ, ಅವನೂ ಜಾವಾದವನೇ. ನೆಲ ನೋಡುತ್ತ ಮುಂದೆ ಹೋದ. ಕ್ಯಾನಿನ ಮುಚ್ಚಳ ಸೋರಿ ಔಷಧಿ ಬೆನ್ನ ಮೇಲೆ ಇಳಿಯಿತು, ಚರ್ಮ ಉರಿಯಿತು. ಪೊನಿರಾ ತುಟಿ ಕಚ್ಚಿಕೊಂಡು ಒಳಗೊಳಗೇ ಮುಂದುವರಿಸಿದಳು. ಎರಡನೇ ಮರ, ರಾಸಿಮಾ. ಮೂರನೇ ಮರ, ದ್ರಿಯೊ.

ಅವು ಮಾಟವಲ್ಲ, ಸತ್ತವರ ಹೆಸರು. ಸಾವಿಗೋ ಹಬ್ಬಕ್ಕೋ ಊಟ ಇಟ್ಟು ಹತ್ತು ಜನರನ್ನು ಕೂರಿಸಿದರೆ, ಈ ಊಟ ಯಾಕೆ, ಯಾರಿಗೆ ಎಂದು ಜಾವಾ ಮಾತಿನಲ್ಲಿ ಒಪ್ಪಿಸಬೇಕು. ಅದಕ್ಕೆ ಉಜುಬ್ ಅನ್ನುತ್ತಾರೆ. ಕೂತವರು ಮಾತುಮಾತಿಗೂ ತಲೆ ಬಾಗಿಸಿ "ಇಂಗ್ಗಿ" ಎಂದು ಹೂಂಗುಡುತ್ತಾರೆ. ಅದಿಲ್ಲದಿದ್ದರೆ ಅದು ಬರೀ ಅನ್ನ. ಮೊದಲು ಕಾಡು ಕಡಿದವರನ್ನು ನೆನೆಯದೆ ಉಜುಬ್ ಮುಗಿಯದು. ಈ ತೋಟದ ಕಾಡು ಕಡಿದು, ತಾಳೆಗೂ ಮೊದಲು ಇಲ್ಲಿ ಹೊಗೆಸೊಪ್ಪು ಬೆಳೆದು ಸತ್ತವರು ನಲವತ್ತಾರು ಕೂಲಿಗಳು. ಅಷ್ಟೂ ಜನರ ಹೆಸರು, ಸತ್ತ ಬಗೆ ಪೊನಿರಾಳ ಅಪ್ಪ ಸಾರ್ಪಿನ್‌ನ ಬಾಯಲ್ಲಿ ಮಾತ್ರ ಉಳಿದಿತ್ತು. ಅವರನ್ನು ಹೂಳಿದ್ದು ಈ ಮರಗಳ ಕೆಳಗೇ. ಗುರುತಿಗೆ ನೆಟ್ಟ ಮರದ ಗೂಟಗಳನ್ನು ಗೆದ್ದಲು ತಿಂದು ಯಾವ ಕಾಲವಾಯಿತೋ. ಕಚೇರಿಯ ನಕ್ಷೆಯಲ್ಲಿ ಅಲ್ಲಿ ಗೋರಿಗಳೇ ಇಲ್ಲ.

ಸಾರ್ಪಿನ್ ಚಾಪೆ ಹಿಡಿದು ತಿಂಗಳಾಗಿತ್ತು. ಕೆಮ್ಮಿದರೆ ರಕ್ತ. ಸಂಜೆಗೆ ಮೂರು ಹೆಸರು ಹೇಳಿಕೊಡುವುದರೊಳಗೆ ಸುಸ್ತಾಗುತ್ತಿದ್ದ.

"ಕೆರ್ತೊ, ಮರ ಬಿದ್ದು ಓದೋನು. ರಾಸಿಮಾ, ಹೆರಿಗೆ ನೋವಲ್ಲೂ ಒಗೇಸೊಪ್ಪು ಕಟ್ತಾ ಕಟ್ತಾ ಓದೋಳು. ದ್ರಿಯೊ, ದೊರೆ ಚಾಟೀಲಿ ಓದೋನು. ಯೋಳವ್ವ, ಇನ್ನೊಂದ್ ಕಿತ."

"ತಲೇಲಿ ನಿಲ್ಲಾಕಿಲ್ಲ ಕಣಪ್ಪ. ಅದ್ಕೇ ಒಂದೊಂದ್ ಮರಕ್ಕೆ ಒಂದೊಂದ್ ಎಸ್ರು ಕಟ್ಟಿವ್ನಿ. ಮರ ನೋಡುದ್ರೆ ಎಸ್ರು ಬತ್ತದೆ."

ಅಪ್ಪ ಕಣ್ಣು ಮುಚ್ಚಿದ. "ಮರಕ್ ಕಟ್‌ಬ್ಯಾಡ ಕಣವ್ವ. ಮರ ತೋಟ್ದೋರ್ದು."

ಬೇರೆ ದಾರಿ ಏನಿತ್ತು? ಶಾಲೆಯಲ್ಲಿ ಮನೆ ಮಾತು ಆಡಿದ್ದಕ್ಕೆ ಮೇಷ್ಟ್ರು ಅವಳ ಬಾಯಿಗೆ ಸೋಪು ತಿಕ್ಕಿಸಿದ್ದರು. ಅವತ್ತೇ ಶಾಲೆ ಬಿಟ್ಟಳು, ಓದು ಬರಹ ಹತ್ತಲಿಲ್ಲ. ಆಮೇಲೆ ಅಪ್ಪ ಉಜುಬ್ ಕಲಿಯೋಕೆ ಕರೆದಾಗಲೆಲ್ಲ ಕಿವಿ ಮುಚ್ಚಿಕೊಂಡು ಓಡುತ್ತಿದ್ದಳು. ಮಗಳು ಯುಲಿಗಂತೂ ಒಂದು ಪದವನ್ನೂ ಕಲಿಸಲಿಲ್ಲ, ಅವಳಾದರೂ ಬೈಸಿಕೊಳ್ಳದಿರಲಿ ಅಂತ. ಈಗ ಮಗಳ ಮುಂದೆ ಕೂತು, ತಡವರಿಸುವ ಸರ್ಕಾರಿ ಭಾಷೆಯಲ್ಲೇ ಕೈ ಮುಗಿದು ಬೇಡುವ ಹಾಗಾಗಿತ್ತು.

"ನೀನಾದ್ರೂ ಬರ್ಕೊಳ್ಳೇ, ನಮ್ಮವ್ವ. ತಾತ ಇರೋಗಂಟ."

"ಏನಂತ ಬರೀಲಿ? ತಾತ ಆಡೋದು ನನಗೆ ಒಂದಕ್ಷರ ಅರ್ಥ ಆಗಲ್ಲ," ಎಂದಳು ಯುಲಿ. "ಆ ಮಾತು ಬೇಡ, ಬೇಡ ಅಂದವಳು ನೀನೇ ಅಲ್ವಾ?"

ಮಗಳು ಹೇಳಿದ್ದರಲ್ಲಿ ಸುಳ್ಳೇನಿತ್ತು?

ನಲವತ್ತಾರನೇ ಹೆಸರು ಹೇಳಿಕೊಟ್ಟ ಮೂರನೇ ದಿನ ಸಾರ್ಪಿನ್ ಸತ್ತ.

ಏಳನೇ ದಿನದ ಊಟಕ್ಕೆ ಮಸೀದಿಯ ಮೊದೀನ್ ಬಂದು ಅರಬ್ಬಿಯಲ್ಲಿ ದುವಾ ಓದಿದ. ಅವನ ಮನೆಯೂ ತೋಟದವರು ಕೊಟ್ಟದ್ದೇ. ಪೊನಿರಾ ಬಾಗಿಲ ಸಂದಿಯಿಂದ ಮುಂದೆ ಬಂದಳು.

"ಉಜುಬ್ ನಾ ಯೋಳ್ತೀನಿ, ಮೊದೀನ್ರೇ. ಅಪ್ಪ ಕಲ್ಸವ್ನೆ."

"ಹೆಂಗಸು ಉಜುಬ್ ಹೇಳೋದುಂಟೇನಮ್ಮ? ದೇವರಿಗೆ ಹೇಳಿದ್ದಾಯ್ತು. ಸತ್ತ ಕೂಲಿಗಳ ಪಟ್ಟಿ ಓದಿ ಯಾರಿಗೆ ಏನಾಗ್ಬೇಕು? ಕಚೇರಿಯೋರಿಗೂ ಇದು ಹಿಡಿಸಲ್ಲ. ತಿನ್ನಿ, ತಿನ್ನಿ, ಅನ್ನ ಆರ್ತಿದೆ."

ಗಂಡಸರೆಲ್ಲ ತಟ್ಟೆಗೆ ಕೈ ಹಾಕಿದರು. ತುಕಿಜಾನನೂ. ಪೊನಿರಾ ಒಳಗೆ ಹೋದಳು. ಸೋಪಿನ ರುಚಿ ನಾಲಗೆಗೆ ಮತ್ತೆ ಬಂತು.

ಅಷ್ಟರಲ್ಲಿ ಗೆಳತಿ ಲೆಗಿಯೆಮ್ ಏದುಸಿರು ಬಿಡುತ್ತ ಓಡಿ ಬಂದಳು. "ಪೊನಿ, ನಿನ್ ಸಾಲಿಗೆ ಜೇಸಿಬಿ ಬುಟ್ಟವ್ರೆ ಕಣೇ. ಮುದಿ ಮರ ಕಿತ್ತು ಸಸಿ ಮಡಗ್ತಾರಂತೆ. ಆ ತುದಿಯಿಂದ ಉಳ್ಳುಸ್ಕಂಡ್ ಬತ್ತಾವ್ರೆ."

ಮರುದಿನ ಬೆಳಗಿನ ಹಾಜರಿಗೆ ಪೊನಿರಾ ಕ್ಯಾನು ಹೊರಲಿಲ್ಲ. ಗೋಪುರದ ಹಾಗೆ ಒತ್ತಿದ ಅರಿಸಿನದ ಅನ್ನವನ್ನು ಮೊರದಲ್ಲಿಟ್ಟು ತಲೆಯ ಮೇಲೆ ಹೊತ್ತು, ಸಾಹೇಬನ ಮುಂದೆಯೇ ಹಾದು ಸಾಲಿಗೆ ನಡೆದಳು. ಲೆಗಿಯೆಮ್ ತನ್ನ ಕ್ಯಾನು ಇಳಿಸಿದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಒಂಬತ್ತು ಜನ ಹೆಂಗಸರು ಯಂತ್ರದ ಎದುರು ಅನ್ನದ ಸುತ್ತ ಕೂತರು.

ಪೊನಿರಾ ಸಾಲಿನ ಈಚೆ ತುದಿಯ ಮೊದಲ ಮರಕ್ಕೆ ಅಂಗೈ ಊರಿದಳು.

"ಕೆರ್ತೊ, ಮರ ಬಿದ್ದು ಓದೋನು. ಈ ಅನ್ನ ನಿಂಗೆ. ನಮ್ ತಪ್ಪು ಒಟ್ಟೆಗಾಕ್ಕೊ."

"ಇಂಗ್ಗಿ," ಎಂದರು ಹೆಂಗಸರು.

ಎರಡನೇ ಮರ. ಮೂರನೇ ಮರ. ಸಾಹೇಬ ಬೈಯುತ್ತಲೇ ಇದ್ದ. ಹನ್ನೆರಡನೇ ಮರದ ಹೆಸರು ಕೇಳಿ ಯಂತ್ರದ ಚಾಲಕ ಸನ್ನೆಕೋಲಿನಿಂದ ಕೈ ತೆಗೆದ. ಅದು ಅವನ ಮುತ್ತಾತನ ಹೆಸರು. ಹತ್ತೊಂಬತ್ತು. ಇಪ್ಪತ್ತು.

ಇಪ್ಪತ್ತೊಂದನೇ ಮರ ಇರಲಿಲ್ಲ. ಅಲ್ಲಿಂದಾಚೆಗೆ ಸಿಗಿದು ಹಾಕಿದ ಬೊಡ್ಡೆಗಳು ಒಂದರ ಮೇಲೊಂದು ಬಿದ್ದಿದ್ದವು. ಯಾವುದು ಯಾರದ್ದು? ಪೊನಿರಾ ಒಂದರಿಂದ ಒಂದಕ್ಕೆ ಓಡಿದಳು, ತಡವಿದಳು, ಮಣ್ಣಿಗೆ ಮುಖ ಹಚ್ಚಿದಳು. ಬಾಯಿ ತೆರೆಯಿತು, ಹೆಸರು ಬರಲಿಲ್ಲ. ಇಪ್ಪತ್ತಾರು ಜನ ಅಪ್ಪನ ಹಿಂದೆಯೇ ಹೊರಟುಹೋಗಿದ್ದರು.

"ಮುಗೀತೇನೇ ನಿನ್ನ ಮಂತ್ರ?" ಸಾಹೇಬ ನಕ್ಕ. ಚಾಲಕನ ಕಡೆ ತಿರುಗಿದ. "ನಿನಗೂ ಮನೆ ಬೇಕೋ ಬೇಡ್ವೋ? ನಡೆಸೋ, ಬೇವರ್ಸಿ!"

ಯಂತ್ರ ಗುಡುಗಿತು. ಪೊನಿರಾ ಎದ್ದು, ಯಾರ ಕಡೆಗೂ ನೋಡದೆ, ಮೊದಲ ಮರಕ್ಕೆ ವಾಪಸು ಹೋದಳು.

"ಕೆರ್ತೊ!" ಈ ಸಲ ಗಂಟಲು ಹರಿಯುವಂತೆ ಕೂಗಿದಳು. "ಮರ ಬಿದ್ದು ಓದೋನು!"

"ಇಂಗ್ಗಿ!"

ಅವಳು ಹತ್ತೊಂಬತ್ತನೇ ಮರ ಮುಟ್ಟುವಾಗ ಇಪ್ಪತ್ತನೆಯದು ವಾಲುತ್ತಿತ್ತು. ಬೀಳುತ್ತಿರುವ ಮರಕ್ಕೇ ಅದರ ಹೆಸರು ಕೂಗಿ ಹೇಳಿದಳು. ಅನ್ನದ ಮೇಲೆಲ್ಲ ಮಣ್ಣು ಹಾರಿ ಬಿತ್ತು. ಹೆಂಗಸರು ಏಳಲಿಲ್ಲ.

"ಇಂಗ್ಗಿ."

ಪೊನಿರಾ ಮತ್ತೆ ಮೊದಲ ಮರದ ಕಡೆಗೆ ನಡೆದಳು.