ಬೋಗುಣಿಗೆ ಇಳಿದ ಅರಿಶಿನ

ಬಿಳಿ ಪಿಂಗಾಣಿಯ ಬೋಗುಣಿ ಕಂಡರೆ ಇವತ್ತಿಗೂ ನನಗೆ ಅದರ ತುಂಬ ಉಗುರುಬೆಚ್ಚಗಿನ ನೀರು, ನೀರಿನ ಮೇಲೊಂದು ಬಾತುಕೋಳಿ ಮೊಟ್ಟೆ, ಸುತ್ತ ಬಗ್ಗಿ ನೋಡುತ್ತಿರುವ ಹೆಂಗಸರು ಕಾಣುತ್ತಾರೆ. ನಡುವೆ ನನ್ನ ಓರಗಿತ್ತಿ ಹೊನ್ನಾಜಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಕೂತಿರುತ್ತಾಳೆ. ನಾನು ಅವಳನ್ನು ಹೊನ್ನಕ್ಕ ಎನ್ನುತ್ತಿದ್ದೆ.

ನಮ್ಮ ಬಾತುಕೋಳಿಗಳು ಮೊಟ್ಟೆ ಇಟ್ಟು ಕೆರೆಯ ದಾರಿ ಹಿಡಿಯುತ್ತಿದ್ದವು. ಕೂತು ಕಾವು ಕೊಡುವ ತಾಳ್ಮೆ ಅವಕ್ಕಿರಲಿಲ್ಲ. ಹಾಗಾಗಿ ಅವುಗಳ ಮೊಟ್ಟೆಯನ್ನು ಕಾವಿಗೆ ಬಂದ ಹೇಂಟೆಯ ಕೆಳಗೆ ಇಡುತ್ತಿದ್ದೆವು. ಇಡುವುದಕ್ಕೂ ನಮ್ಮ ಮನೆಯಲ್ಲೊಂದು ಕಟ್ಟಳೆ. ಮಕ್ಕಳನ್ನು ಹೆತ್ತವಳು ಬೆರಳಿಗೆ ಅರಿಶಿನ ಹಚ್ಚಿಕೊಂಡು ಒಂದೊಂದನ್ನೇ ಮುಟ್ಟಿ ಇಡಬೇಕು. ಹೆರದವಳು ಇಟ್ಟರೆ ಮೊಟ್ಟೆ ಒಡೆದು ಮರಿ ಬರುವುದಿಲ್ಲವಂತೆ. ನಾನು ಎರಡು ಹೆತ್ತಿದ್ದೆ. ಹೊನ್ನಕ್ಕನಿಗೆ ಮಕ್ಕಳಿರಲಿಲ್ಲ.

ಆ ಸಲವೂ ಅತ್ತೆ ನನ್ನನ್ನೇ ಕೂಗಿದರು. ನಾನು ಏಳುವಷ್ಟರಲ್ಲಿ ಹೊನ್ನಕ್ಕ ಬುಟ್ಟಿ ಎಳೆದುಕೊಂಡು, ಅರಿಶಿನದ ಬಟ್ಟಲನ್ನು ಅತ್ತ ಸರಿಸಿ, ಬರಿಗೈಯಲ್ಲಿ ಅಷ್ಟೂ ಮೊಟ್ಟೆ ಇಟ್ಟು ಹೇಂಟೆಯನ್ನು ಕೂರಿಸಿಯೇಬಿಟ್ಟಳು.

"ಮೊಟ್ಟೆಗೆ ಬೇಕಾಗಿರೋದು ಕಾವು. ನನ್ನ ಹೊಟ್ಟೆ ಕಟ್ಕೊಂಡು ಅದಕ್ಕೇನಾಗ್ಬೇಕು?" ಎಂದಳು.

ಅತ್ತೆ ಜಗಳಕ್ಕೆ ಬರಲಿಲ್ಲ. ಅದೇ ನನಗೆ ಸೋಜಿಗ. ಅವರು ಆಗಲೇ ಹೊನ್ನಕ್ಕನ ಗಂಡ, ನನ್ನ ಭಾವನಿಗೆ ಇನ್ನೊಂದು ಹೆಣ್ಣು ನೋಡಿದ್ದರು. ಭಾವನೋ, ಹೂಂ ಅನ್ನದೆ ಉಹೂಂ ಅನ್ನದೆ ಅವ್ವನ ಮುಂದೆ ನೆಲ ನೋಡುತ್ತ ಕೂರುವವರು. ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. "ಅವಳಿಟ್ಟ ಮೊಟ್ಟೇಲಿ ಮರಿ ಬರ್ಲಿ, ಆಗ ಹೆಣ್ಣಿನ ಕಡೆಯೋರಿಗೆ ಬೇಡ ಅಂತೀನಿ" ಎಂದು ಅತ್ತೆ ಬೀದಿಗೆಲ್ಲ ಸಾರಿ ಬಂದರು. ಮರಿ ಬರದಿದ್ದರೆ ಹೊನ್ನಕ್ಕನ ಮೇಲೆ ಸವತಿ ಬರುವಳು ಎಂದಾಯಿತು.

ಕೋಳಿಮರಿ ಹೊರಬರುವಷ್ಟು ದಿನ ಕಳೆಯಿತು. ಬಾತುಮರಿಗೆ ಅದರ ಮೇಲೊಂದು ವಾರ ಬೇಕು. ಅದೂ ಕಳೆಯಿತು. ಒಂದು ಚಿಪ್ಪಿನಲ್ಲೂ ಬಿರುಕು ಕಾಣಲಿಲ್ಲ. ಅತ್ತೆ ಎದುರುಮನೆಯ ಜವರಮ್ಮನನ್ನು ಮುಂದಿಟ್ಟುಕೊಂಡು ನಾಲ್ಕಾರು ಹೆಂಗಸರನ್ನು ಕರೆತಂದು, "ನೀರಿಗೆ ಬಿಟ್ಟು ನೋಡೇಬಿಡೋಣ" ಎಂದರು. ಒಳಗೆ ಮರಿ ಬದುಕಿದ್ದರೆ ಬೆಚ್ಚನೆಯ ನೀರಿನಲ್ಲಿ ಮೊಟ್ಟೆ ತಾನಾಗಿ ಅಲುಗುತ್ತದೆ. ಸತ್ತಿದ್ದರೆ ಸುಮ್ಮನೆ ತೇಲುತ್ತದೆ.

ಹೊನ್ನಕ್ಕ ತಾನೇ ನೀರು ಕಾಯಿಸಿ, ಮೊಣಕೈ ಅದ್ದಿ ಹದ ನೋಡಿ, ಮೊದಲ ಮೊಟ್ಟೆಯನ್ನು ಬಿಟ್ಟಳು. ನೀರಿನ ಅಲೆ ನಿಂತಿತು. ಮೊಟ್ಟೆಯೂ ನಿಂತಿತು.

"ನೋಡಿದ್ರಾ ಕೈಗುಣಾನ? ನಾನು ಬಡ್ಕೊಂಡೆ, ಯಾರು ಕೇಳ್ತಾರೆ!" ಎಂದರು ಅತ್ತೆ.

"ಹೂಂ ಅತ್ತೆ, ಕೈಗುಣಾನೇ ಇರ್ಬೇಕು," ಎಂದಳು ಹೊನ್ನಕ್ಕ. "ಯಾರ ಕೈ ಅಂತ ನೀವೇ ಬಗ್ಗಿ ನೋಡಿ, ಜವರಮ್ಮ."

ಮೊಟ್ಟೆಯಿಂದ ಹಳದಿ ಬಣ್ಣ ಎಳೆಎಳೆಯಾಗಿ ನೀರಿಗೆ ಇಳಿಯುತ್ತಿತ್ತು. ಹೊನ್ನಕ್ಕ ಇನ್ನೊಂದನ್ನು ಎತ್ತಿ ತಿರುಗಿಸಿ ತೋರಿಸಿದಳು. ಅದರ ಮೇಲೂ ಒಣಗಿದ ಅರಿಶಿನದ ಬೆರಳಗುರುತು. ಬುಟ್ಟಿಯಲ್ಲಿದ್ದ ಎಲ್ಲದರ ಮೇಲೂ ಇತ್ತು.

"ನಾನು ಅರಿಶಿನ ಮುಟ್ಟಿಲ್ಲ, ಇವಳೇ ಸಾಕ್ಷಿ" ಎಂದು ಹೊನ್ನಕ್ಕ ನನ್ನತ್ತ ಕೈ ತೋರಿಸಿದಳು. "ಮಾರನೇ ದಿನ ನಾನು ಬಟ್ಟೆ ಒಗೆಯಕ್ಕೆ ಹೋದಾಗ ನೀವು ಅಷ್ಟನ್ನೂ ತೆಗೆದು ತಿರುಗಾ ಇಟ್ರಿ. ಅವತ್ತೇ ಕಂಡೆ, ಬಾಯಿ ಬಿಡ್ಲಿಲ್ಲ. ಮರಿ ಬಂದ್ರೆ ನಿಮ್ಮ ಕೈ, ಬರ್ದಿದ್ರೆ ನನ್ನ ಕೈ, ಅಲ್ವಾ ಅತ್ತೆ? ಏಳು ಹೆತ್ತ ಕೈ ನಿಮ್ದು. ಈಗ ಹೇಳಿ, ಕೈಗುಣಾನಾ?"

ಅತ್ತೆಯ ಮುಖ ಕಪ್ಪಿಟ್ಟಿತು. "ಕೈಯಲ್ಲೇನಿದೆ ಬಿಡು. ಒಂದೊಂದು ಮೊಟ್ಟೆ ಯಾರಿಟ್ರೂ ಕೆಡ್ತದೆ" ಎಂದು ಗೊಣಗಿದರು.

"ಇನ್ನೊಂದ್ಸಲ ಹೇಳಿ. ಜವರಮ್ಮಂಗೆ ಕೇಳಿಸ್ಲಿಲ್ಲ."

"ಕೇಳಿಸ್ತು ಕಣವ್ವ, ಚೆನ್ನಾಗೇ ಕೇಳಿಸ್ತು" ಎಂದು ಜವರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಹೊನ್ನಕ್ಕ ಎರಡನೆಯದನ್ನು ಬಿಟ್ಟಳು. ನೀರು ನಿಂತ ಮೇಲೆ ಮೊಟ್ಟೆ ಒಮ್ಮೆ ಮಿಸುಕಿತು, ಮತ್ತೆ ಮಿಸುಕಿತು. "ಅಕ್ಕಾ, ಅಲುಗ್ತು!" ಎಂದು ನಾನು ಕೂಗಿಯೇಬಿಟ್ಟೆ. "ನೋಡಿದ್ರಾ, ನನ್ನ..." ಎಂದು ಶುರುಮಾಡಿದ ಅತ್ತೆ ಅಲ್ಲಿಗೇ ನಾಲಿಗೆ ಕಚ್ಚಿಕೊಂಡರು. ಮೂರನೆಯದೂ ಅಲುಗಿತು. ಉಳಿದವೂ ಅಲುಗಿದವು.

ಹೊನ್ನಕ್ಕ ಯಾವುದಕ್ಕೂ ಹಿಗ್ಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಭಾವನ ಕಡೆ ತಿರುಗಿದಳು. "ಮರಿ ಬಂದ್ರೆ ಇರ್ತೀನಿ, ಬರ್ದಿದ್ರೆ ಜಾಗ ಬಿಡ್ತೀನಿ ಅಂತ ನಾನು ಯಾರಿಗೂ ಹೇಳಿಲ್ಲ. ಎಲ್ಲಾ ಸತ್ತಿದ್ರೂ ನಾನು ಈ ಮನೆಯೋಳೇ. ನೀವೂ ಒಂದು ಮಾತಾಡಿ."

ಭಾವ ಅವತ್ತು ನೆಲ ನೋಡಲಿಲ್ಲ. "ಹೆಣ್ಣಿನ ಕಡೆಯೋರಿಗೆ ಬರೋದು ಬೇಡ ಅಂತ ಹೇಳಿ ಕಳ್ಸವ್ವ" ಎಂದರು.

ಹೊನ್ನಕ್ಕ ಅಲುಗಿದ ಮೊಟ್ಟೆಗಳನ್ನು ಒರೆಸಿ, ಎಲ್ಲರ ಕಣ್ಣೆದುರಿಗೇ ಬರಿಗೈಯಲ್ಲಿ ಹೇಂಟೆಯ ಕೆಳಗೆ ಮತ್ತೆ ಇಟ್ಟಳು. ಆಮೇಲೆ ಮರಿಗಳು ಬಂದವು, ಕೆರೆಗೂ ಇಳಿದವು. ಆದರೆ ಅವಳು ಗೆದ್ದದ್ದು ಅವು ಬಂದಿದ್ದರಿಂದಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಅವತ್ತು ಹೆಂಗಸರೆಲ್ಲ ಹೋದ ಮೇಲೆ ನಾನು ಹಿತ್ತಲಿಗೆ ಹೋದೆ. ಪಾತ್ರೆ ಮುಟ್ಟದೆ ಎಷ್ಟೋ ಕಾಲವಾಗಿದ್ದ ಅತ್ತೆ ಒಬ್ಬರೇ ಕುಕ್ಕರುಗಾಲಿನಲ್ಲಿ ಕೂತು ಬೋಗುಣಿಯನ್ನು ಬೂದಿ ಹಾಕಿ ತಿಕ್ಕುತ್ತಿದ್ದರು. ಬಿಳಿಯ ಅಂಚಿನ ಸುತ್ತ ಹತ್ತಿದ್ದ ಹಳದಿ ಗೆರೆ ಹಾಗೇ ಇತ್ತು.